ಹಳೆಯ ಪೆಟ್ಟಿಗೆಗೆ ಹೊಸ ಮಿದುಳು

ಕಾರವಾರದ ಬೈತಖೋಲ ಬಂದರಿನಲ್ಲಾಗಲಿ, ಅಂಕೋಲೆಯ ಬೇಲೇಕೇರಿಯಲ್ಲಾಗಲಿ, ಎಂಜಿನ್ ಹಳತಾಯಿತೆಂದು ದೋಣಿಯನ್ನೇ ಒಡೆದು ಸೌದೆ ಮಾಡುವ ಪದ್ಧತಿಯಿಲ್ಲ. ಹಲಗೆ ಗಟ್ಟಿಯಿದೆಯೇ, ನೀರು ಜಿನುಗುತ್ತಿಲ್ಲವೇ ಎಂದು ನೋಡಿ ಎಂಜಿನ್ನನ್ನಷ್ಟೇ ಬದಲಾಯಿಸುತ್ತಾರೆ. ಎಂಬತ್ತರ ದಶಕದಿಂದೀಚೆಗೆ ಕರಾವಳಿಯ ನಾಡದೋಣಿಗಳ ಬೆನ್ನಿಗೆ ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್ ಬಂದು ಕೂತದ್ದೂ ಇದೇ ಲೆಕ್ಕಾಚಾರದಿಂದ. ದುಡಿದು ತಿನ್ನುವವನಿಗೆ ಸಾಧನವೆಂದರೆ ಬಿಡಿಭಾಗಗಳ ಕೂಟ. ಸವೆದದ್ದನ್ನು ತೆಗೆದು ಹೊಸದನ್ನು ಹಾಕಿದರೆ ಉಳಿದದ್ದು ಇನ್ನಷ್ಟು ಕಾಲ ಬಾಳುತ್ತದೆ.

ಮೇಜಿನ ಮೇಲಿನ ಕಂಪ್ಯೂಟರಿಗೂ ಈ ಮಾತು ಅನ್ವಯಿಸಿದ ಒಂದು ಕಾಲವಿತ್ತು. ಪೆಟ್ಟಿಗೆಯ ಮುಚ್ಚಳ ತೆರೆದು, ಹಳೆಯ ಪ್ರೊಸೆಸರನ್ನು ಕಿತ್ತು, ಅದೇ ಗೂಡಿನಲ್ಲಿ ಹೆಚ್ಚು ವೇಗದ ಇನ್ನೊಂದನ್ನು ಕೂರಿಸಿದರೆ ಮುದಿ ಯಂತ್ರ ಮತ್ತೆ ಹರೆಯಕ್ಕೆ ಬರುತ್ತಿತ್ತು. ಪರದೆ, ಕೀಲಿಮಣೆ, ಪ್ರಿಂಟರ್ ಎಲ್ಲವೂ ಹಳೆಯವೇ, ಮಿದುಳು ಮಾತ್ರ ಹೊಸದು. ಈ ಸೌಲಭ್ಯ ತಾನಾಗಿ ಬಂದದ್ದಲ್ಲ, ತಾನಾಗಿ ಹೋಗುತ್ತಲೂ ಇಲ್ಲ. ಅದರ ಹಿಂದೆ ಕಂಪನಿಗಳ ಪೈಪೋಟಿಯಿದೆ, ಬಳಕೆದಾರರ ಒತ್ತಾಯವಿದೆ, ಕನ್ನಡದಂಥ ಭಾಷೆಗಳ ಪಾಡೂ ಇದೆ.

ಖಾಲಿ ಗೂಡಿನ ಆರಂಭ

ಪ್ರೊಸೆಸರ್ ಎಂಬುದು ಲೆಕ್ಕ ಹಾಕುವ, ಹೋಲಿಸುವ, ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ಪಾಲಿಸುವ ಚಿಪ್. ಅದು ಕೂರುವುದು ಮದರ್‌ಬೋರ್ಡ್ ಎಂಬ ಹಲಗೆಯ ಮೇಲೆ. ಬೆಸುಗೆ ಹಾಕಿ ಅಂಟಿಸಿದರೆ ಅದು ಶಾಶ್ವತ. ಸಾಕೆಟ್ ಎಂಬ ಗೂಡಿನಲ್ಲಿ ಕೂರಿಸಿದರೆ ತೆಗೆದು ಹಾಕಬಹುದು. ಇಡೀ ಕಥೆ ನಿಂತಿರುವುದು ಈ ಗೂಡಿನ ಮೇಲೆ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಇಂಟೆಲ್ ಕಂಪನಿಯ 8088 ಪ್ರೊಸೆಸರ್ ಇತ್ತು. ವೇಗ 4.77 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 47 ಲಕ್ಷಕ್ಕೂ ಹೆಚ್ಚು ಮಿಡಿತ. ಅದರ ಪಕ್ಕದಲ್ಲೇ ಒಂದು ಖಾಲಿ ಗೂಡು ಬಿಟ್ಟಿದ್ದರು. ದಶಾಂಶದ ದೊಡ್ಡ ಲೆಕ್ಕಗಳು ಬೇಕಾದವರು 8087 ಎಂಬ ಸಹಾಯಕ ಚಿಪ್ಪನ್ನು ಕೊಂಡು ಅಲ್ಲಿ ಹಾಕಿಕೊಳ್ಳಬಹುದಾಗಿತ್ತು. ಕೊಂಡ ಯಂತ್ರದ ಶಕ್ತಿಯನ್ನು ಕೊಂಡವನೇ ಮುಂದೆ ಹೆಚ್ಚಿಸಿಕೊಳ್ಳಬಹುದು ಎಂಬ ಆಶ್ವಾಸನೆ ಆ ಖಾಲಿ ಗೂಡಿನಲ್ಲಿತ್ತು.

ಭಾರತದ ಶಾಲೆಗಳಿಗೆ ಈ ವಿಚಾರ ಬಂದದ್ದು ಬೇರೊಂದು ದಾರಿಯಲ್ಲಿ. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಡಿ ದೇಶದ ನೂರಾರು ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಯಂತ್ರಗಳು ಬಂದವು. ಈ ಯಂತ್ರಕ್ಕೆ ಹೊರಗಿನಿಂದಲೇ ಎರಡನೆಯ ಪ್ರೊಸೆಸರನ್ನು ಜೋಡಿಸುವ ವ್ಯವಸ್ಥೆಯಿತ್ತು. ಹಳೆಯ ಚಿಪ್ ಕೀಲಿಮಣೆ, ಪರದೆಗಳನ್ನು ನೋಡಿಕೊಳ್ಳುತ್ತದೆ. ಹೊಸದು ಲೆಕ್ಕ ಮಾಡುತ್ತದೆ. ಏಕಾರ್ನ್ ಎಂಜಿನಿಯರುಗಳು 1985ರಲ್ಲಿ ತಾವೇ ರೂಪಿಸಿದ ‘ಆರ್ಮ್’ ಎಂಬ ಪುಟ್ಟ ಪ್ರೊಸೆಸರನ್ನು ಮೊದಲು ಪರೀಕ್ಷಿಸಿದ್ದು, 1986ರಲ್ಲಿ ಮೊದಲು ಮಾರಿದ್ದು ಹೀಗೆ ಬಿಬಿಸಿ ಯಂತ್ರಕ್ಕೆ ತಗುಲಿಸುವ ಎರಡನೆಯ ಮಿದುಳಾಗಿಯೇ. ಇಂದು ಕಾರವಾರದ ಮೀನು ಮಾರುಕಟ್ಟೆಯಲ್ಲಿ ಕೈಕೈಗಳಲ್ಲಿರುವ ಮೊಬೈಲ್ ಫೋನುಗಳೊಳಗೆ ದುಡಿಯುತ್ತಿರುವುದು ಆ ಆರ್ಮ್ ಸಂತತಿಯೇ. ಹಳೆಯ ಯಂತ್ರಕ್ಕೆ ಅಂಟಿಕೊಂಡು ಹುಟ್ಟಿದ ಚಿಪ್ ಲೋಕವನ್ನೇ ವ್ಯಾಪಿಸಿತು.

ಒಂದೇ ಭಾಷೆ ಆಡುವ ಸಂತತಿ

ಪ್ರೊಸೆಸರ್ ಬದಲಾಯಿಸುವುದು ಸಾಧ್ಯವಾಗಬೇಕಾದರೆ ಗೂಡು ಹೊಂದಿದರೆ ಸಾಲದು. ಹೊಸ ಚಿಪ್ಪಿಗೆ ಹಳೆಯ ಚಿಪ್ಪಿನ ಭಾಷೆಯೂ ತಿಳಿದಿರಬೇಕು. ಇಲ್ಲವಾದರೆ ಹಳೆಯ ಪ್ರೋಗ್ರಾಮುಗಳೆಲ್ಲ ನಿಷ್ಪ್ರಯೋಜಕ. ಇಂಟೆಲ್ 1978ರ 8086 ಚಿಪ್ಪಿನ ಆಜ್ಞೆಗಳನ್ನು ಮುಂದಿನ ಪೀಳಿಗೆಗಳಲ್ಲೂ ಉಳಿಸಿಕೊಂಡು ಬಂದಿತು. 1982ರಲ್ಲಿ 286, 1985ರಲ್ಲಿ 386, 1989ರಲ್ಲಿ 486, 1993ರಲ್ಲಿ ಪೆಂಟಿಯಂ ಹೀಗೆ ಹೆಸರುಗಳು ಬದಲಾದವು. 286ರೊಳಗೆ 1,34,000 ಟ್ರಾನ್ಸಿಸ್ಟರುಗಳಿದ್ದರೆ 386ರಲ್ಲಿ 2,75,000, 486ರಲ್ಲಿ 12 ಲಕ್ಷ, ಪೆಂಟಿಯಂನಲ್ಲಿ 31 ಲಕ್ಷ. ಆದರೆ ಅಜ್ಜನಿಗೆ ಬರೆದ ಪ್ರೋಗ್ರಾಮು ಮೊಮ್ಮಗನಿಗೂ ಅರ್ಥವಾಗುತ್ತಿತ್ತು.

ಈ ನಡುವೆ ಕೆಲವು ವ್ಯಾಪಾರೀ ಚಮತ್ಕಾರಗಳೂ ನಡೆದವು. 486ರಲ್ಲಿ ಲೆಕ್ಕದ ಸಹಾಯಕ ಚಿಪ್ ಮುಖ್ಯ ಪ್ರೊಸೆಸರಿನೊಳಗೇ ಸೇರಿಹೋಗಿತ್ತು. 1991ರಲ್ಲಿ ಅಗ್ಗದ ಮಾದರಿಯೊಂದು ಬೇಕೆನಿಸಿದಾಗ ಇಂಟೆಲ್ ಆ ಭಾಗ ಕೆಲಸ ಮಾಡದಂತೆ ಮಾಡಿ 486 ಎಸ್‌ಎಕ್ಸ್ ಎಂಬ ಹೆಸರಿನಲ್ಲಿ ಮಾರಿತು. ಮುಂದೆ ಲೆಕ್ಕದ ಶಕ್ತಿ ಬೇಕಾದವರಿಗೆ 487 ಎಂಬ ‘ಸಹಾಯಕ’ ಚಿಪ್ಪನ್ನೂ ಕೊಟ್ಟಿತು. ಅದು ನಿಜವಾಗಿ ಸಹಾಯಕನಲ್ಲ, ಪೂರ್ಣ ಪ್ರಮಾಣದ ಇನ್ನೊಂದು 486. ಗೂಡಿನಲ್ಲಿ ಕೂತೊಡನೆ ಅದು ಹಳೆಯ ಪ್ರೊಸೆಸರನ್ನು ಮಲಗಿಸಿ ತಾನೇ ಎಲ್ಲ ಕೆಲಸ ಮಾಡುತ್ತಿತ್ತು. ಗ್ರಾಹಕ ಎರಡು ಪ್ರೊಸೆಸರುಗಳಿಗೆ ಹಣ ತೆತ್ತು ಒಂದನ್ನು ಬಳಸುತ್ತಿದ್ದ.

ಆದರೆ ಈ ಗೂಡಿನ ವಿಚಾರದಿಂದಲೇ ಒಳ್ಳೆಯ ಉಪಾಯವೂ ಹುಟ್ಟಿತು. 1992ರಲ್ಲಿ ಬಂದ 486 ಡಿಎಕ್ಸ್2 ಚಿಪ್ಪಿನಲ್ಲಿ ಒಳಗಿನ ವೇಗ ಹೊರಗಿನದರ ಎರಡರಷ್ಟು. ಮದರ್‌ಬೋರ್ಡ್ 33 ಮೆಗಾಹರ್ಟ್ಸ್‌ನಲ್ಲೇ ನಡೆಯುತ್ತಿದ್ದರೆ ಪ್ರೊಸೆಸರ್ ತನ್ನೊಳಗೆ 66ರಲ್ಲಿ ಓಡುತ್ತಿತ್ತು. ಹಲಗೆ ಬದಲಾಯಿಸದೆ ವೇಗ ಹೆಚ್ಚಿಸುವ ಈ ತತ್ವದ ಮೇಲೆ ‘ಓವರ್‌ಡ್ರೈವ್’ ಎಂಬ ಚಿಪ್ಪುಗಳನ್ನು ಹಳೆಯ ಯಂತ್ರಗಳ ಒಡೆಯರಿಗಾಗಿಯೇ ಪೊಟ್ಟಣ ಕಟ್ಟಿ ಮಾರಿದರು. 1995ರಲ್ಲಿ 486 ಬೋರ್ಡಿನಲ್ಲೇ ಕೂರುವ ಪೆಂಟಿಯಂ ಓವರ್‌ಡ್ರೈವ್ ಸಹ ಬಂತು.

ಅದುವರೆಗೆ ಚಿಪ್ ಕೂರಿಸುವುದು ಎದೆಗಾರಿಕೆಯ ಕೆಲಸ. ನೂರಾರು ಸೂಜಿಕಾಲುಗಳನ್ನು ಒಮ್ಮೆಲೇ ರಂಧ್ರಗಳಿಗೆ ಒತ್ತುವಾಗ ಹಲಗೆ ಬಾಗುತ್ತಿತ್ತು. ಒಂದು ಕಾಲು ಮಡಿಸಿದರೆ ಚಿಪ್ ವ್ಯರ್ಥ. ಪಕ್ಕದಲ್ಲೊಂದು ಸನ್ನೆ ಇರುವ ‘ಜಿಫ್’ ಸಾಕೆಟ್ ಬಂದ ಮೇಲೆ ಈ ಭಯ ಹೋಯಿತು. ಸನ್ನೆ ಎತ್ತಿದರೆ ಚಿಪ್ ಬಲಪ್ರಯೋಗವಿಲ್ಲದೆ ಕೂರುತ್ತದೆ, ಇಳಿಸಿದರೆ ಹಿಡಿದುಕೊಳ್ಳುತ್ತದೆ. ತಂತ್ರಜ್ಞರ ಕೈಯಲ್ಲಿದ್ದ ವಿದ್ಯೆ ಸಣ್ಣ ಊರಿನ ಅಂಗಡಿಯವನ ಕೈಗೂ ಬಂತು.

ಪೆಂಟಿಯಂ ಜನಕನ ಎರಡನೆಯ ಮಗು

ಇಂಟೆಲ್ಲಿನ ಗೂಡಿಗೆ ಇಂಟೆಲ್ಲೇ ಚಿಪ್ ಮಾಡಬೇಕೆಂದಿರಲಿಲ್ಲ. 1991ರಲ್ಲಿ ಎಎಂಡಿ ಕಂಪನಿ ತನ್ನದೇ 386 ತಂದಿತು. 1992ರಲ್ಲಿ ಸೈರಿಕ್ಸ್ ಎಂಬ ಇನ್ನೊಂದು ಕಂಪನಿ 386ರ ಗೂಡಿನಲ್ಲಿ ಕೂತು 486ರಂತೆ ವರ್ತಿಸುವ ಚಿಪ್ ತಂದಿತು. 1995ರ ಕೊನೆಗೆ ಎಎಂಡಿ 133 ಮೆಗಾಹರ್ಟ್ಸ್‌ನ ಚಿಪ್ಪೊಂದನ್ನು 486 ಬೋರ್ಡುಗಳಿಗಾಗಿ ಹೊರತಂದು, ಅದು 75 ಮೆಗಾಹರ್ಟ್ಸ್‌ನ ಪೆಂಟಿಯಂಗೆ ಸಮವೆಂದು ಹೇಳಿಕೊಂಡಿತು. ಈ ಪೈಪೋಟಿಯ ಲಾಭ ಹಳೆಯ ಯಂತ್ರಗಳ ಒಡೆಯರಿಗೆ ದೊರೆಯಿತು.

ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಇಂಟೆಲ್ಲಿನಲ್ಲಿ ಪೆಂಟಿಯಂ ಯೋಜನೆಯ ನೇತೃತ್ವ ವಹಿಸಿ ‘ಪೆಂಟಿಯಂ ಜನಕ’ ಎಂದೇ ಹೆಸರಾದವರು. 1995ರಲ್ಲಿ ಅವರು ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಎಂಬ ಪುಟ್ಟ ಕಂಪನಿ ಸೇರಿದರು. ಅದನ್ನು ಎಎಂಡಿ ಕೊಂಡುಕೊಂಡಿತು. 1997ರಲ್ಲಿ ಅಲ್ಲಿಂದ ಹೊರಬಂದ ಕೆ6 ಪ್ರೊಸೆಸರ್ ಕೂರುತ್ತಿದ್ದುದು ಪೆಂಟಿಯಂನದೇ ಗೂಡಾದ, 321 ರಂಧ್ರಗಳ ‘ಸಾಕೆಟ್ 7’ರಲ್ಲಿ! ಇದರ ಮುಂದಿನ ಕೆ6-2 ಚಿಪ್ಪಿನಲ್ಲಿ ಒಂದು ಜಾಣ್ಮೆಯಿತ್ತು. ಹಳೆಯ ಬೋರ್ಡುಗಳಲ್ಲಿ ವೇಗವನ್ನು ಎರಡರಿಂದ ಗುಣಿಸುವ ಗುರುತನ್ನು ಇಟ್ಟರೆ ಅದರ ನಂತರದ ಮಾದರಿಗಳು ಅದನ್ನು ಆರು ಎಂದು ಓದಿಕೊಳ್ಳುತ್ತಿದ್ದವು. 66 ಮೆಗಾಹರ್ಟ್ಸ್‌ನ ಮುದಿ ಹಲಗೆಯ ಮೇಲೆ 400 ಮೆಗಾಹರ್ಟ್ಸ್‌ನ ಚಿಪ್ ಓಡುವಂತಾಯಿತು.

ಪ್ರೊಸೆಸರ್ ಎಂಬುದು ಬದಲಾಯಿಸಬಹುದಾದ ವಸ್ತು ಎಂದು ಜನಸಾಮಾನ್ಯರಿಗೆ ತಿಳಿದದ್ದು ಒಂದು ಹಗರಣದಿಂದ. 1994ರಲ್ಲಿ ಅಮೆರಿಕದ ಗಣಿತಜ್ಞ ಥಾಮಸ್ ನೈಸ್ಲಿ ಪೆಂಟಿಯಂ ಕೆಲವು ಭಾಗಾಕಾರಗಳಲ್ಲಿ ತಪ್ಪುತ್ತದೆ ಎಂದು ಬಯಲು ಮಾಡಿದರು. ಮೊದಲು ಹಿಂಜರಿದ ಇಂಟೆಲ್, ಆ ವರ್ಷದ ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಚಿಪ್ ಬದಲಾಯಿಸಿ ಕೊಡುವುದಾಗಿ ಒಪ್ಪಿತು. ಇದಕ್ಕಾಗಿ ಅದು ತೆಗೆದಿಟ್ಟ ಮೊತ್ತ 47.5 ಕೋಟಿ ಡಾಲರ್.

ಉಪ್ಪುಗಾಳಿಯ ಊರಿನಲ್ಲಿ

ರಾಜಧಾನಿಯಿಂದ ಐನೂರು ಕಿಲೋಮೀಟರ್ ದೂರದ ಕಾರವಾರಕ್ಕೆ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದ ಅಂಕೋಲೆಗೆ ಈ ಬದಲಾವಣೆಗಳು ಬಂದದ್ದು ‘ಅಸೆಂಬಲ್ಡ್’ ಕಂಪ್ಯೂಟರುಗಳ ಮೂಲಕ. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಕಟ್ಟುಗಳನ್ನು ಸಡಿಲಿಸಿದ ಮೇಲೆ ಬಿಡಿಭಾಗಗಳ ಮಾರುಕಟ್ಟೆ ಬೆಳೆಯಿತು. ಬೆಂಗಳೂರಿನ ಎಸ್.ಪಿ. ರಸ್ತೆ ಅದರ ಕೇಂದ್ರವಾಯಿತು. ಕಂಪನಿಯ ಹೆಸರಿರುವ ಯಂತ್ರವನ್ನು ಇಡಿಯಾಗಿ ಕೊಳ್ಳಲಾಗದ ಸಣ್ಣ ಊರುಗಳ ಅಂಗಡಿಗಳು ಪೆಟ್ಟಿಗೆ ಒಂದು ಕಡೆಯಿಂದ, ಬೋರ್ಡ್ ಇನ್ನೊಂದು ಕಡೆಯಿಂದ ತಂದು ಜೋಡಿಸಿದವು. ಮದುವೆಯ ಕರೆಯೋಲೆ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘದ ವರದಿ, ನ್ಯಾಯಾಲಯದ ಅರ್ಜಿ ಬೆರಳಚ್ಚು ಮಾಡುವ ಡಿಟಿಪಿ ಅಂಗಡಿಗೆ ಕಂಪ್ಯೂಟರ್ ಶೋಕಿಯ ಸಾಮಾನಲ್ಲ, ಸಾಲ ಮಾಡಿ ತಂದ ದುಡಿಮೆಯ ಎತ್ತು. ಹೊಸತಕ್ಕೆ ಮತ್ತೆ ಸಾಲ ಮಾಡುವುದೋ, ಪ್ರೊಸೆಸರ್ ಮಾತ್ರ ಬದಲಾಯಿಸಿ ಇನ್ನೆರಡು ವರ್ಷ ತಳ್ಳುವುದೋ ಎಂಬುದು ಅಲ್ಲಿ ಮನೆವಾರ್ತೆಯ ಪ್ರಶ್ನೆ.

ಕೆಲಸವೇನೋ ಹತ್ತು ನಿಮಿಷದ್ದು. ತಂತಿ ಕಿತ್ತು, ಮೈಯಲ್ಲಿನ ಸ್ಥಿರ ವಿದ್ಯುತ್ತು ಹೋಗಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಹಳೆಯ ಚಿಪ್ ತೆಗೆದು, ಮೂಲೆಯ ಗುರುತು ನೋಡಿ ಹೊಸತನ್ನು ಕೂರಿಸಬೇಕು. ಬಿಸಿ ಹೀರುವ ಲೋಹದ ಪಟ್ಟಿ, ಫ್ಯಾನು ಹಾಕಬೇಕು. ಜಂಪರ್ ಎಂಬ ಪುಟ್ಟ ಟೋಪಿಗಳನ್ನು ಸ್ಥಳಾಂತರಿಸಿ ವೇಗ ಮತ್ತು ವೋಲ್ಟೇಜು ಸರಿಹೊಂದಿಸಬೇಕು. ಅಪಾಯವಿದ್ದದ್ದು ಈ ಕೊನೆಯ ಹಂತದಲ್ಲಿ. ಹಳೆಯ 486 ಬಯಸುತ್ತಿದ್ದುದು 5 ವೋಲ್ಟ್, ನಂತರದ ಚಿಪ್ಪುಗಳು ಸುಮಾರು 3.3 ವೋಲ್ಟ್. 1997ರ ಪೆಂಟಿಯಂ ಎಂಎಂಎಕ್ಸ್‌ನ ಒಳಭಾಗಕ್ಕೆ 2.8 ವೋಲ್ಟ್ ಸಾಕು. ಹೆಚ್ಚು ಒತ್ತಡ ಹರಿಸಿದರೆ ಹೊಸ ಚಿಪ್ ಸುಟ್ಟುಹೋಗುವ ಭಯವಿತ್ತು.

ಕರಾವಳಿಯಲ್ಲಿ ಇನ್ನೊಂದು ವೈರಿ ಉಂಟು, ಅದು ಉಪ್ಪು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪು ಮಾಡಿ ಬ್ರಿಟಿಷ್ ಕಾನೂನನ್ನು ಮುರಿದ ಸತ್ಯಾಗ್ರಹ ಕರ್ನಾಟಕದ ಇತಿಹಾಸದಲ್ಲಿ ಪ್ರಸಿದ್ಧ. ಆ ಸಮುದ್ರದ ಗಾಳಿಯಲ್ಲಿ ತೇಲಿಬರುವ ಉಪ್ಪಿನ ತೇವ ತಾಮ್ರವನ್ನು ಹಸಿರಾಗಿಸುತ್ತದೆ, ತವರದ ಮೇಲೆ ಪೊರೆ ಕಟ್ಟುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಾಳಿಯೆಂಬುದೇ ಇಲ್ಲ. ಪ್ರೊಸೆಸರಿನ ಕಾಲುಗಳಿಗೆ ಚಿನ್ನದ ಲೇಪ ಕೊಡುವುದು ಅಲಂಕಾರಕ್ಕಲ್ಲ, ಚಿನ್ನ ತುಕ್ಕು ಹಿಡಿಯುವುದಿಲ್ಲವೆಂದು. ಆದರೆ ಎಲ್ಲ ಭಾಗಗಳಿಗೂ ಆ ಭಾಗ್ಯವಿಲ್ಲ. ಮೆಮೊರಿ ಪಟ್ಟಿಯ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದರೆ ‘ಸತ್ತ’ ಕಂಪ್ಯೂಟರ್ ಎದ್ದು ಕೂರುವ ಪವಾಡದ ಹಿಂದಿರುವುದು ಈ ಪೊರೆಯೇ. ಸಾಕೆಟ್ಟಿನಲ್ಲಿರುವ ಚಿಪ್ಪನ್ನು ತೆಗೆದು ಒರೆಸಿ ಕೂರಿಸಬಹುದು; ಬೆಸುಗೆ ಹಾಕಿದ್ದನ್ನು ಹಾಗೆ ಮಾಡಲಾಗದು.

‘ಸ್ತ್ರೀ’ ಎಂದು ಬರೆಯಲು ಎಷ್ಟು ಶಕ್ತಿ ಬೇಕು?

ಇಂಗ್ಲಿಷಿನಲ್ಲಿ ಪತ್ರ ಬರೆಯುವವನಿಗೆ 286 ಯಂತ್ರವೂ ಸಾಕಾಗಿತ್ತು. ಕನ್ನಡಿಗನ ಕಷ್ಟ ಬೇರೆ. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ತೆಗೆದುಕೊಳ್ಳಿ. ಸಕಾರ, ಅದರ ವಿರಾಮ, ತಕಾರ, ಮತ್ತೊಂದು ವಿರಾಮ, ರಕಾರ, ಈಕಾರ ಹೀಗೆ ಆರು ಸಂಕೇತಗಳನ್ನು ಯಂತ್ರ ಓದಬೇಕು. ಎರಡು ಒತ್ತುಗಳನ್ನು ಕೆಳಗಿಳಿಸಬೇಕು, ದೀರ್ಘವನ್ನು ಸರಿಯಾದ ಜಾಗದಲ್ಲಿ ಎಳೆಯಬೇಕು. ಪ್ರತಿ ಅಕ್ಷರದ ಹಿಂದೆಯೂ ಪ್ರೊಸೆಸರಿಗೆ ಕೆಲಸವುಂಟು.

ಇದಕ್ಕೆ ಸಿಕ್ಕ ಮೊದಲ ಪರಿಹಾರಗಳಲ್ಲೊಂದು ಹೆಚ್ಚುವರಿ ಯಂತ್ರಾಂಶವೇ ಆಗಿತ್ತೆಂಬುದು ಗಮನಾರ್ಹ. ಕಾನ್ಪುರದ ಐಐಟಿಯಲ್ಲಿ ಮೊಳೆತು, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳನ್ನು ರೂಪಿಸುವ ಹೊಣೆಯನ್ನು ಕಾರ್ಡೇ ಹೊರುತ್ತಿತ್ತು. ಮುಖ್ಯ ಪ್ರೊಸೆಸರ್ ಹಳೆಯದಾದರೂ ಕನ್ನಡ ಮೂಡುತ್ತಿತ್ತು. ಹಳೆಯ ಯಂತ್ರಕ್ಕೆ ಕನ್ನಡದ ಪಾಲಿನ ಇನ್ನೊಂದು ಮಿದುಳು ಕೊಟ್ಟಂತೆ.

ತೊಂಬತ್ತರ ದಶಕದಲ್ಲಿ ವಿಂಡೋಸ್ ಹರಡಿದಂತೆ ಕಾರ್ಡಿನ ಕೆಲಸವನ್ನು ತಂತ್ರಾಂಶ ವಹಿಸಿಕೊಂಡಿತು. ಅಕ್ಷರಗಳನ್ನು ಚೂರುಗಳಾಗಿ ಒಡೆದು ಫಾಂಟಿನಲ್ಲಿ ತುಂಬಿಡುವ ಉಪಾಯ ಬಂತು. ಕೆ.ಪಿ. ರಾಯರು ರೂಪಿಸಿದ, ಧ್ವನಿಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸ ನೆಲೆಯಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಇವು ಸಾಧಾರಣ ಯಂತ್ರಗಳಲ್ಲೂ ನಡೆಯುತ್ತಿದ್ದವು. ಆದರೆ ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಫಾಂಟಿನಲ್ಲಿ ಓದಿಗೆ ಸಿಗುತ್ತಿರಲಿಲ್ಲ. ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಕಷ್ಟ.

ಎಲ್ಲ ಭಾಷೆಗಳಿಗೂ ಒಂದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಆದರೆ ಅದು ಸಾಮಾನ್ಯ ಬಳಕೆದಾರನ ಪರದೆಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ತೊಡಕು ಇದ್ದದ್ದು ಇಲ್ಲಿಯೇ. ವಿಂಡೋಸ್ 95ಕ್ಕೆ 386 ಪ್ರೊಸೆಸರ್, 4 ಮೆಗಾಬೈಟ್ ಮೆಮೊರಿ ಸಾಕೆಂದಿದ್ದ ಮೈಕ್ರೋಸಾಫ್ಟ್, ಎಕ್ಸ್‌ಪಿಗೆ ಕೇಳಿದ್ದು ಕನಿಷ್ಠ 233 ಮೆಗಾಹರ್ಟ್ಸ್ ವೇಗ, 64 ಮೆಗಾಬೈಟ್ ಮೆಮೊರಿ. ಆರು ವರ್ಷಗಳಲ್ಲಿ ಹೊಸ್ತಿಲು ಅಷ್ಟು ಎತ್ತರವಾಯಿತು. ಶಿಷ್ಟ ಕನ್ನಡ ಬೇಕೆಂದರೆ ಹೊಸ ಪ್ರೊಸೆಸರ್ ಬೇಕು. ಹಳೆಯ ಪ್ರೊಸೆಸರಿನಲ್ಲೇ ಇದ್ದರೆ ಹಳೆಯ ಫಾಂಟಿನ ದ್ವೀಪದಲ್ಲೇ ಉಳಿಯಬೇಕು.

ಪಹಣಿಯ ಪ್ರಶ್ನೆ

ಇದು ಬರೀ ಬರಹಗಾರರ ಸಮಸ್ಯೆಯಾಗಿರಲಿಲ್ಲ. 2000ದಿಂದ 2002ರೊಳಗೆ ಕರ್ನಾಟಕದ 177 ತಾಲೂಕು ಕಚೇರಿಗಳಲ್ಲೂ ‘ಭೂಮಿ’ ಯೋಜನೆ ಜಾರಿಗೆ ಬಂತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಶಾನುಭೋಗಿಕೆಯ ಕಾಲದಿಂದ ಬಂದ ಕೈಬರಹದ ಕಡತಗಳಿಂದ ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಕನ್ನಡದಲ್ಲಿ ಅಚ್ಚಾದ ಪಹಣಿ ಕೈಗೆ ಬರತೊಡಗಿತು.

ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ಭೂದಾಖಲೆಗೆ ಇರುವ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. 1986ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಈ ಎರಡು ತಾಲೂಕುಗಳ ಕಡಲಂಚಿನ ಸಾವಿರಾರು ಕುಟುಂಬಗಳು ನೆಲ ಬಿಟ್ಟು ಏಳಬೇಕಾಯಿತು. ಪರಿಹಾರದ ಹೋರಾಟ ದಶಕಗಳ ಕಾಲ ನಡೆಯಿತು. ಅಂಥ ಹೋರಾಟದಲ್ಲಿ ಸರ್ವೆ ನಂಬರು, ಗುಂಟೆ, ಹೆಸರು ಬರೆದ ಒಂದು ಹಾಳೆಯೇ ಆಧಾರ.

ಆದ್ದರಿಂದ ಯಂತ್ರದ ಮಿದುಳು ಬದಲಾಯಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ವೇಗದ್ದಲ್ಲ. ಹಳೆಯ ದಾಖಲೆ ಹೊಸ ಯಂತ್ರದಲ್ಲಿ ತೆರೆಯುತ್ತದೆಯೇ ಎಂಬುದು. ಪ್ರೊಸೆಸರ್ ಮಾತ್ರ ಬದಲಾದರೆ ಡಿಸ್ಕು, ತಂತ್ರಾಂಶ, ಫಾಂಟು ಹಾಗೆಯೇ ಉಳಿಯುತ್ತವೆ. ಬರೆದದ್ದು ಮರುದಿನವೂ ಓದಲು ಸಿಗುತ್ತದೆ. ಇಡೀ ಯಂತ್ರ ಹೋಗಿ ಹೊಸದು ಬಂದಾಗ ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಅದನ್ನು ಮಾಡಲು ತಿಳಿಯದ ಅದೆಷ್ಟೋ ಸಣ್ಣ ಅಂಗಡಿ, ಸಂಘ-ಸಂಸ್ಥೆಗಳ ಕನ್ನಡ ಬರಹಗಳು ಹಳೆಯ ಡಿಸ್ಕುಗಳೊಂದಿಗೆ ಗುಜರಿ ಸೇರಿವೆ.

ಅರಬೈಲು ಘಟ್ಟದ ಪಾಠ

ಹಾಗೆಂದು ಪ್ರೊಸೆಸರ್ ಬದಲಾವಣೆ ಸರ್ವರೋಗ ನಿವಾರಕವಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಬರುವ ಲಾರಿಗೆ ಎಷ್ಟೇ ಬಲವಾದ ಎಂಜಿನ್ ಇದ್ದರೂ ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟದ ತಿರುವುಗಳಲ್ಲಿ ಮುಂದಿನ ಲಾರಿಯ ವೇಗವೇ ಅದರ ವೇಗ. ಕಂಪ್ಯೂಟರಿನಲ್ಲೂ ಅಂಥ ಘಟ್ಟಗಳಿವೆ.

1967ರಲ್ಲಿ ಜೀನ್ ಆಮ್ಡಾಲ್ ಎಂಬ ವಿಜ್ಞಾನಿ ಮುಂದಿಟ್ಟ ವಿಚಾರವನ್ನು ಹೀಗೆ ಬಿಡಿಸಬಹುದು. ಒಂದು ಕೆಲಸಕ್ಕೆ 10 ನಿಮಿಷ ಹಿಡಿಯುತ್ತದೆ, ಅದರಲ್ಲಿ 4 ನಿಮಿಷ ಮಾತ್ರ ಪ್ರೊಸೆಸರಿನ ಪಾಲು, ಉಳಿದ 6 ಡಿಸ್ಕು ಮತ್ತು ಪ್ರಿಂಟರಿನದು ಎಂದುಕೊಳ್ಳಿ. ಪ್ರೊಸೆಸರಿನ ವೇಗ ಇಮ್ಮಡಿಯಾದರೆ ಕೆಲಸ 5 ನಿಮಿಷಕ್ಕಲ್ಲ, 8 ನಿಮಿಷಕ್ಕೆ ಮುಗಿಯುತ್ತದೆ. ನೂರು ಪಟ್ಟು ಹೆಚ್ಚಿಸಿದರೂ 6 ನಿಮಿಷದ ಕೆಳಗಿಳಿಯದು. ಹಾಗಾಗಿಯೇ ಆ ದಿನಗಳಲ್ಲಿ ಅನುಭವಿಗಳು ‘ಮೊದಲು ಮೆಮೊರಿ ಹೆಚ್ಚಿಸಿ, ಆಮೇಲೆ ಪ್ರೊಸೆಸರಿನ ಮಾತು’ ಎನ್ನುತ್ತಿದ್ದರು. ಈಚೆಗೆ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಹಳೆಯ ಯಂತ್ರಕ್ಕೆ ಎಲ್ಲಕ್ಕಿಂತ ಅಗ್ಗದ ಟಾನಿಕ್ ಎನಿಸಿರುವುದೂ ಇದೇ ಕಾರಣಕ್ಕೆ.

ಹಳೆಯ ಒಡಲಿಗೆ ಹೊಸ ಎಂಜಿನ್ ಹಾಕುವ ಸಾಹಸದ ಅತಿ ದೊಡ್ಡ ಉದಾಹರಣೆ ಕಾರವಾರದಲ್ಲೇ ಇದೆ. 2005ರ ಮೇ 31ರಂದು ಆರಂಭವಾದ ಐಎನ್‌ಎಸ್ ಕದಂಬ ನೌಕಾನೆಲೆಗೆ 2014ರ ಜನವರಿಯಲ್ಲಿ ಬಂದಿಳಿದ ಐಎನ್‌ಎಸ್ ವಿಕ್ರಮಾದಿತ್ಯ, ಮೂಲತಃ 1987ರಲ್ಲಿ ಸೋವಿಯತ್ ನೌಕಾಪಡೆ ಸೇರಿದ ಹಡಗು. ಅದರ ಬಾಯ್ಲರುಗಳಿಂದ ಹಿಡಿದು ಮೇಲ್ಮೈಯವರೆಗೆ ಬದಲಾಯಿಸುವ ಒಪ್ಪಂದ 2004ರಲ್ಲಿ ಆಯಿತು. ತೆರೆದಂತೆಲ್ಲ ಹೊಸ ಹೊಸ ಕೆಲಸ ಕಂಡುಬಂದು ವೆಚ್ಚ ಮೊದಲಿನ ಎರಡು ಪಟ್ಟನ್ನು ಮೀರಿತು. 2012ರ ಪರೀಕ್ಷೆಯಲ್ಲಿ ಬಾಯ್ಲರುಗಳು ಕೈಕೊಟ್ಟು ಹಡಗು ಕೈಸೇರುವುದು 2013ರ ನವೆಂಬರಿಗೆ ಹೋಯಿತು. ಸಣ್ಣ ಪ್ರಮಾಣದಲ್ಲಿ ಕಂಪ್ಯೂಟರಿನ ಕಥೆಯೂ ಇದೇ. ಪ್ರೊಸೆಸರ್ ಬದಲಾಯಿಸ ಹೊರಟವನಿಗೆ ಫ್ಯಾನು ಸಾಲದೆನಿಸುತ್ತದೆ, ಆಮೇಲೆ ಮೆಮೊರಿ, ಆಮೇಲೆ ವಿದ್ಯುತ್ ಪೂರೈಸುವ ಪೆಟ್ಟಿಗೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ಈ ವಿದ್ಯೆಯ ಅರ್ಧ ಭಾಗ.

ಮುಚ್ಚುತ್ತಿರುವ ಬಾಗಿಲು

1997ರಲ್ಲಿ ಇಂಟೆಲ್ ಪೆಂಟಿಯಂ-2ನ್ನು ಗೂಡಿನ ಬದಲು ಸೀಳುಗಂಡಿಯಲ್ಲಿ ನಿಲ್ಲಿಸುವ ರೂಪದಲ್ಲಿ ತಂದಾಗ ಹಂಚಿಕೊಂಡ ಗೂಡಿನ ಯುಗ ಮುಗಿಯತೊಡಗಿತು. ಎಎಂಡಿಯೂ ತನ್ನದೇ ದಾರಿ ಹಿಡಿಯಿತು. ಒಂದೇ ಬೋರ್ಡಿಗೆ ಹಲವು ಕಂಪನಿಗಳ ಚಿಪ್ ಹಾಕುವ ಅನುಕೂಲ ಹೋಯಿತು. 2004ರಲ್ಲಿ ಇಂಟೆಲ್ ತನ್ನ ಮೇಜಿನ ಕಂಪ್ಯೂಟರುಗಳ ಚಿಪ್ಪಿನ ಕಾಲುಗಳನ್ನೇ ತೆಗೆದು ಬೋರ್ಡಿನ ಗೂಡಿಗೆ ವರ್ಗಾಯಿಸಿತು. 2017ರಲ್ಲಿ ಅದರ ಎಂಟನೆಯ ಪೀಳಿಗೆಯ ಪ್ರೊಸೆಸರುಗಳು ಬಂದಾಗ ಸಂಪರ್ಕಬಿಂದುಗಳ ಸಂಖ್ಯೆ ಹಿಂದಿನಂತೆಯೇ 1151. ಆದರೂ ಹಿಂದಿನ ಬೋರ್ಡುಗಳಲ್ಲಿ ಅವು ನಡೆಯುವುದಿಲ್ಲವೆಂದು ಕಂಪನಿ ಹೇಳಿತು. ಇದಕ್ಕೆ ಎದುರಾಗಿ ಎಎಂಡಿ ತನ್ನ ‘ಎಎಂ4’ ಗೂಡನ್ನು ಹಲವು ಪೀಳಿಗೆಗಳಿಗೆ ಉಳಿಸಿಕೊಂಡಿತು. 2017ರ ಬೋರ್ಡುಗಳಿಗೂ ಹೊಸ ಪೀಳಿಗೆಯ ಚಿಪ್ ಹಾಕಲು 2022ರಲ್ಲಿ ದಾರಿ ಮಾಡಿಕೊಟ್ಟಿತು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಲ್ಯಾಪ್‌ಟಾಪುಗಳಲ್ಲಂತೂ ಪ್ರೊಸೆಸರನ್ನು ಬೆಸುಗೆ ಹಾಕಿಯೇ ಕಳಿಸುವುದು ರೂಢಿಯಾಗಿದೆ.

ಈಗ ಯಂತ್ರದ ಮುಪ್ಪನ್ನು ನಿರ್ಧರಿಸುತ್ತಿರುವುದು ತಂತ್ರಾಂಶ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11, ಇಂಟೆಲ್ ಚಿಪ್ಪುಗಳಲ್ಲಿ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಗಿಂತ ಹಿಂದಿನವನ್ನು ಒಪ್ಪುವುದಿಲ್ಲ. ಏಳನೆಯ ಪೀಳಿಗೆಯ ಯಂತ್ರ ಚೆನ್ನಾಗಿಯೇ ನಡೆಯುತ್ತಿರಬಹುದು, ಅದರ ಗೂಡೂ 1151ರದೇ ಇರಬಹುದು. ಆದರೂ ಎಂಟನೆಯದನ್ನು ಹಾಕುವಂತಿಲ್ಲ. ಮಾಲೀಕನಿಗೆ ಉಳಿಯುವುದು ಮೂರು ದಾರಿ: ಹೊಸ ಯಂತ್ರ ಕೊಳ್ಳುವುದು, ಭದ್ರತೆಯ ತೇಪೆಗಳಿಲ್ಲದೆ ನಡೆಸುವುದು, ಇಲ್ಲವೇ ಉಚಿತವಾಗಿ ಸಿಗುವ, ಹಳೆಯ ಯಂತ್ರಗಳನ್ನೂ ಆದರಿಸುವ ಲಿನಕ್ಸ್‌ಗೆ ಬದಲಾಗುವುದು. ಕೊನೆಯದರಲ್ಲಿ ಇಂದು ಯೂನಿಕೋಡ್ ಕನ್ನಡವೂ ಸರಾಗ.

ಸರ್ಕಾರವೂ ಈ ವಿಷಯಕ್ಕೆ ಕಣ್ಣು ತೆರೆದಿದೆ. ‘ದುರಸ್ತಿಯ ಹಕ್ಕಿ’ಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿತು. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಬಿಸಾಡಿದ ಬೋರ್ಡಿನಲ್ಲಿ ಸೀಸವಿದೆ, ಚಿನ್ನವಿದೆ. ಸೀಸ ನೆಲಕ್ಕೆ, ಚಿನ್ನ ಆಮ್ಲದಲ್ಲಿ ಕೈ ಅದ್ದುವ ಗುಜರಿ ಕೂಲಿಯ ಶ್ವಾಸಕೋಶಕ್ಕೆ ಬೆಲೆ ಕಟ್ಟಿ ಹೊರಬರುತ್ತದೆ. ಒಂದು ಯಂತ್ರ ಇನ್ನೈದು ವರ್ಷ ಬಾಳಿದರೆ ಆ ಬೆಲೆಯನ್ನು ಅಷ್ಟು ಕಾಲ ಮುಂದೂಡಿದಂತೆ.

ಹೊಸ ಯಂತ್ರ ಕೊಳ್ಳ ಹೊರಟ ಶಾಲೆ, ಗ್ರಂಥಾಲಯ, ಸಹಕಾರಿ ಸಂಘಗಳು ಬೆಲೆ ಮತ್ತು ವೇಗದ ಜೊತೆಗೆ ಅಂಗಡಿಯವನನ್ನು ಇನ್ನೂ ಮೂರು ಮಾತು ಕೇಳಬಹುದು. ಪ್ರೊಸೆಸರ್ ಗೂಡಿನಲ್ಲಿದೆಯೋ ಬೆಸುಗೆಯಲ್ಲಿದೆಯೋ? ಇದೇ ಬೋರ್ಡಿಗೆ ಮುಂದೆ ಯಾವ ಚಿಪ್ ಹಾಕಬಹುದು? ಮೆಮೊರಿ, ಡಿಸ್ಕು ಬಿಚ್ಚಿ ಬದಲಾಯಿಸಲು ಬರುತ್ತದೆಯೇ? ದೋಣಿ ಕೊಳ್ಳುವ ಮೀನುಗಾರ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ, ಎಂಜಿನ್ ಕೂರುವ ಜಾಗವನ್ನೂ ನೋಡುತ್ತಾನೆ. ಕಂಪ್ಯೂಟರಿನ ಮುಚ್ಚಳ ತೆಗೆಸಿ ನೋಡುವುದಕ್ಕೂ ಸಂಕೋಚಪಡಬೇಕಾಗಿಲ್ಲ.